ಸಹಿಗೆ ಮುಂಚೆ ಕನ್ನಡದಲ್ಲಿ ತಿಳಿಸಿ

ಮಾನ್ಯರೇ,

ನನ್ನ ಕನ್ನಡಕಕ್ಕೆ ಮೈನಸ್ 11 ಪವರ್ ಇತ್ತು. ಹೋದ ಮಳೆಗಾಲದಲ್ಲಿ ಎರಡೂ ಕಣ್ಣಿಗೆ ಐಸಿಎಲ್, ಅಂದರೆ ಕಣ್ಣಿನೊಳಗೇ ಕೂರಿಸುವ ಲೆನ್ಸ್ ಹಾಕಿಸಿಕೊಂಡೆ. ಇದು ಪೊರೆ ಆಪರೇಷನ್ ಅಲ್ಲ. ನಮ್ಮ ಮಸೂರ ಹಾಗೇ ಇರುತ್ತದೆ, ಅದರ ಮುಂದೆ ಇನ್ನೊಂದು ಲೆನ್ಸ್ ಕೂರಿಸುತ್ತಾರೆ.

ಅವತ್ತೇ ರಾತ್ರಿ ತೀರ್ಥಹಳ್ಳಿಯ ಮನೆಯಲ್ಲಿ ಬಲಗಣ್ಣು ಸಿಡಿಯುವಂಥ ನೋವು, ವಾಂತಿ. ಸುಸ್ತಿರಬೇಕು ಅಂತ ಸುಮ್ನೆ ಮಲಗಿದ್ದೆ. ಅಮ್ಮನೇ ಹಟ ಹಿಡಿದು, ಸುರಿವ ಮಳೆಯಲ್ಲಿ 60 ಕಿ.ಮೀ. ದೂರದ ಶಿವಮೊಗ್ಗಕ್ಕೆ ಕರೆದೊಯ್ದರು. ಕಣ್ಣಿನೊಳಗಿನ ಒತ್ತಡ ಏರಿತ್ತು. ತಡವಾಗಿದ್ದರೆ ನರಕ್ಕೇ ಪೆಟ್ಟು ಬೀಳುತ್ತಿತ್ತಂತೆ.

ಈಗ ನೋಟ ಚೆನ್ನಾಗಿದೆ. ಆದರೆ ರಾತ್ರಿ ಮಂಡಗದ್ದೆ ರಸ್ತೆಯಲ್ಲಿ ಎದುರಿನ ಲಾರಿಯ ದೀಪದ ಸುತ್ತ ಬಳೆಯಂಥ ಬೆಳಕು ಕಾಣುತ್ತದೆ. ಕತ್ತಲಾದ ಮೇಲೆ ಬೈಕ್ ಮುಟ್ಟುವುದಿಲ್ಲ.

ಆಪರೇಷನ್‌ಗೆ ಮುಂಚೆ ನಾನು ಸಹಿ ಹಾಕಿದ ಒಪ್ಪಿಗೆ ಕಾಗದ ಇಂಗ್ಲಿಷಿನಲ್ಲಿತ್ತು. ಯಾವ ನೋವಿಗೆ ತಕ್ಷಣ ಓಡಿಬರಬೇಕು ಎಂಬುದನ್ನಾದರೂ ಆಸ್ಪತ್ರೆಗಳು ಕನ್ನಡದಲ್ಲಿ ಬರೆದು ಕೊಡಲಿ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ