ಕೊರತೆ ನಿನ್ನದಲ್ಲ

ಪ್ರೀತಿಯ ಸವಿತಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಊರಿನ ಸಮಾಚಾರವನ್ನು ನಿನ್ನ ತಮ್ಮ ಫೋನಿನಲ್ಲಿ ಹೇಳಿರುತ್ತಾನೆ, ಬಿಡು. "ವರ್ಷವರ್ಷವೂ ಸಂಬಳ ಏರುತ್ತದೆ, ಆದರೂ ಇಪ್ಪತ್ತನೇ ತಾರೀಖಿಗೆ ಕೈ ಬರಿದಾಗುತ್ತದೆ, ಸಂಸಾರ ತೂಗಿಸಲು ನನಗೇ ಬರುವುದಿಲ್ಲವೇನೋ ಎಂದು ಭಯವಾಗುತ್ತದೆ" ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಕನಿಷ್ಠ ವೇತನದಲ್ಲಿ ಏನೇನು ಸೇರಿರಬೇಕೆಂದು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಲೆಕ್ಕ ಹಾಕಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರವನ್ನು ಉಣ್ಣುವ ಲೆಕ್ಕದಲ್ಲಿ ಮೂರು ಘಟಕವೆಂದು ಹಿಡಿದು, ಘಟಕಕ್ಕೆ ದಿನಕ್ಕೆ 2700 ಕ್ಯಾಲೊರಿ ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವಲ್ಲದೆ ಸೌದೆ, ದೀಪ, ಚಿಲ್ಲರೆ ಖರ್ಚಿಗೆ ಒಟ್ಟು ವೇತನದ ಶೇ. 20. ಮಕ್ಕಳ ಓದು, ಔಷಧ, ಮದುವೆ, ಮುಪ್ಪಿಗೆಂದು ಮತ್ತೆ ಶೇ. 25 ಸೇರಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾನು ದುಡಿದ ಕಾಲದ ಗಾರ್ಮೆಂಟ್ಸ್ ಸಂಬಳದಲ್ಲಿ ಇವೆಲ್ಲ ಹಿಡಿಸಿದ್ದನ್ನು ನಾನಂತೂ ಕಾಣಲಿಲ್ಲ. ಹಿಡಿಸದ ಹಣದಲ್ಲಿ ತೂಗಿಸಲಾಗದಿದ್ದರೆ ಅದು ನಿನ್ನ ತಪ್ಪಲ್ಲ, ಮಗಳೇ.

ನಿನ್ನ ಸಂಬಳದಲ್ಲಿ ಏಪ್ರಿಲ್‌ನಲ್ಲಿ ಏರುವುದು ಡಿ.ಎ., ಅಂದರೆ ಬೆಲೆ ಏರಿಕೆಗೆಂದು ಕೊಡುವ ತುಟ್ಟಿಭತ್ಯೆ ಮಾತ್ರ. ಹಿಂದಿನ ವರ್ಷದ ಬೆಲೆ ಸೂಚ್ಯಂಕ ನೋಡಿ ಅದನ್ನು ನಿಗದಿ ಮಾಡುವುದರಿಂದ ಅಂಗಡಿಯಲ್ಲಿ ಬೆಲೆ ಏರಿ, ನೀನು ಅದನ್ನು ಕೊಟ್ಟು ಮುಗಿಸಿದ ಮೇಲೆ ಹಣ ಬರುತ್ತದೆ. 2020ರಲ್ಲಂತೂ ತಿಂಗಳಿಗೆ 417 ರೂಪಾಯಿ ಚಿಲ್ಲರೆಯ ಡಿ.ಎ.ಯನ್ನು ರಾಜ್ಯ ಸರ್ಕಾರವೇ ಮುಂದೂಡಿತು; ಆ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟ ಮೇಲೂ ಅನೇಕ ಕಾರ್ಖಾನೆಗಳಲ್ಲಿ ಅದು ಕೈಗೆ ಬರುವುದು ಬಹಳ ತಡವಾಯಿತು.

ಇನ್ನು ನಮ್ಮ ದುಡಿಮೆ ಬೆಳೆದದ್ದಕ್ಕೆ ಡಿ.ಎ.ಯಲ್ಲಿ ಲೆಕ್ಕವೇ ಇಲ್ಲ. ನಾನು ಕಾಲರ್ ಕೂಡಿಸುತ್ತಿದ್ದಾಗ ಪ್ರತಿ ಪೀಸಿನ ದಾರವನ್ನೂ ಕತ್ತರಿ ಹಿಡಿದು ಕತ್ತರಿಸುತ್ತಿದ್ದೆವು. ತಾನೇ ದಾರ ಕತ್ತರಿಸುವ ಮಷೀನು ಬಂದಾಗ ಕೈಗೆ ಸ್ವಲ್ಪ ಬಿಡುವು ಸಿಗುತ್ತದೆಂದು ಸಂತೋಷಪಟ್ಟೆವು. ಸ್ಟಾಪ್‌ವಾಚ್ ಹಿಡಿದವರೊಬ್ಬರು ಬೆನ್ನ ಹಿಂದೆ ನಿಂತು ನೋಡಿ ಹೋದರು, ಮರುವಾರವೇ ಗಂಟೆಯ ಟಾರ್ಗೆಟ್ ಏರಿತು, ಸಂಬಳ ಇದ್ದಲ್ಲಿಯೇ ಇತ್ತು. ಪಕ್ಕದ ಲೈನಿನಲ್ಲಿದ್ದ ನಿನ್ನ ಅಮ್ಮ ಚೀಟಿ ಹಣ ಕಟ್ಟಲಾಗದ ತಿಂಗಳಲ್ಲೆಲ್ಲ ನಿನ್ನಂತೆಯೇ ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ತಪ್ಪು ಅವಳದಲ್ಲವೆಂದು ಹೇಳುವವರು ಆಗ ಯಾರೂ ಇರಲಿಲ್ಲ, ಅವಳು ಆ ಭಯವನ್ನು ಹೊತ್ತುಕೊಂಡೇ ಹೋದಳು. ಆ ಕೊರಗು ನನ್ನನ್ನು ಇನ್ನೂ ಬಿಟ್ಟಿಲ್ಲ. ನೀನು ಅದನ್ನು ಹೊರಬೇಡ.

ಇಲ್ಲಿ ಕುಳಿತು ಬುದ್ಧಿ ಹೇಳುತ್ತೇನೆಂದು ಬೇಸರಿಸಬೇಡ. ಪೇ ಸ್ಲಿಪ್‌ಗಳನ್ನು ಎಸೆಯದೆ ಜೋಡಿಸಿಡು, ಮೂಲ ವೇತನ ಮತ್ತು ಡಿ.ಎ. ಬೇರೆಬೇರೆಯಾಗಿ ಕಾಣಿಸಿವೆಯೇ ನೋಡು. ಓ.ಟಿ.ಗೆ ಕಾನೂನಿನ ಪ್ರಕಾರ ದುಪ್ಪಟ್ಟು ದರ ಬರಬೇಕು. ಬಾಡಿಗೆ ಕಟ್ಟಲು ವಾರದ ಕಂತಿನ ಸಾಲಕ್ಕೆ ಮಾತ್ರ ಕೈಹಾಕಬೇಡ, ತೀರಾ ಕಷ್ಟವಾದರೆ ನನಗೆ ಹೇಳು, ಇರುವುದರಲ್ಲಿ ಕಳುಹಿಸುತ್ತೇನೆ. ಯೂನಿಯನ್‌ನವರು ಭಾನುವಾರ ಸಭೆ ಕರೆದರೆ ಒಮ್ಮೆ ಹೋಗಿ ಬಾ ಎಂದು ನನ್ನ ಆಸೆ; ಒತ್ತಾಯವಿಲ್ಲ, ಅಲ್ಲಿನ ಕಷ್ಟ ನಿನಗೇ ಗೊತ್ತು.

ಇಂತಿ,
ನಿನ್ನ ದೊಡ್ಡಮ್ಮ