ಬಾಳೆಕಾಯಿ ಯಾಕೆ ಕಪ್ಪಾಗುತ್ತದೆ?

ರಜೆಗೆ ಬದಿಯಡ್ಕದ ಅಜ್ಜನ ಮನೆಗೆ ಹೋಗಿ ಬಂದ ಮಗುವೊಂದು ಭಾನುವಾರದ ಕನ್ನಡ ತರಗತಿಯಲ್ಲಿ ಕೇಳಿದ ಪ್ರಶ್ನೆ ಇದು. ಪತ್ರಿಕೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ಉತ್ತರ ಇಲ್ಲೇ ಬರೆದುಬಿಡೋಣ.

ಮೆಟ್ಟುಕತ್ತಿಯ ಮುಂದೆ ಅಜ್ಜಿ. ಸಿಪ್ಪೆ ಹೆರೆದ ಹೋಳು ನೇರ ಮಜ್ಜಿಗೆ ನೀರಿಗೆ. ಒಳಗೆ ಬಿದ್ದದ್ದು ಬೆಳ್ಳಗೆ, ಹೊರಗುಳಿದದ್ದು ಕಪ್ಪು. ಕೈಗೆ ತೆಂಗಿನೆಣ್ಣೆ ಸವರದಿದ್ದರೆ ಬೆರಳಿನ ಚೊಗರು ಮೂರು ದಿನ ಹೋಗದು. ಪೂಂಬೆ (ಬಾಳೆಹೂವು) ಕೊಚ್ಚುವಾಗಲೂ ಇದೇ ಕಥೆ.

ಬಾಳೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಡೋಪಮಿನ್ ಇದೆ. ನಮ್ಮ ಮೆದುಳಿನ ನರಕೋಶಗಳು ಸುದ್ದಿ ದಾಟಿಸಲು ಬಳಸುವ ರಾಸಾಯನಿಕವೂ ಇದೇ. ಕೊಯ್ದ ಗಾಯಕ್ಕೆ ಗಾಳಿ ತಾಗಿದೊಡನೆ ಕಿಣ್ವವೊಂದು ಅದರ 2 ಎಲೆಕ್ಟ್ರಾನ್ ಕಸಿದು ಕ್ವಿನೋನ್ ಮಾಡುತ್ತದೆ. ಕ್ವಿನೋನುಗಳು ಕೂಡಿಕೊಂಡರೆ ಕಪ್ಪು. ಮಜ್ಜಿಗೆಯ ಹುಳಿ ಕಿಣ್ವದ ಕೈ ಕಟ್ಟುತ್ತದೆ. ಲಿಂಬೆಯ ವಿಟಮಿನ್ ಸಿ ಇನ್ನೂ ಚುರುಕು, ಕ್ವಿನೋನನ್ನೇ ಹಿಂದಕ್ಕೆ ಡೋಪಮಿನ್ ಮಾಡಿಬಿಡುತ್ತದೆ. (ಬಾಳೆ ತಿಂದರೆ ಅದರ ಡೋಪಮಿನ್ ಮೆದುಳಿಗೆ ಏರುವುದಿಲ್ಲ, ವಾಟ್ಸಾಪ್ ನಂಬಬೇಡಿ.)

ಮೆದುಳಿನ ಡೋಪಮಿನ್ ಅಳೆಯಲು ಆ 2 ಎಲೆಕ್ಟ್ರಾನನ್ನೇ ಎಣಿಸಲು ಹೊರಟವರು ಅಮೆರಿಕದ ಕಾನ್ಸಾಸಿನ ರಸಾಯನವಿಜ್ಞಾನಿ ರಾಲ್ಫ್ ಆಡಮ್ಸ್. 1973ರಲ್ಲಿ ಇಲಿಯ ಮೆದುಳಿಗೆ ಇಂಗಾಲದ ಎಲೆಕ್ಟ್ರೋಡ್ (ವಿದ್ಯುತ್ತು ಅಳೆಯುವ ಕಡ್ಡಿ) ಇಳಿಸಿದರು. ಸಿಕ್ಕಿದ್ದು ಬಹುಪಾಲು ವಿಟಮಿನ್ ಸಿ! ಅದೂ ಎಲೆಕ್ಟ್ರಾನ್ ಬಿಡುತ್ತದಲ್ಲ. ಅವರ ಪ್ರಯೋಗಾಲಯದಲ್ಲಿ ಪಳಗಿದ ಮಾರ್ಕ್ ವೈಟ್‌ಮನ್ ಇಂಡಿಯಾನಾಕ್ಕೆ, 1989ರಲ್ಲಿ ನಾರ್ತ್ ಕ್ಯಾರೊಲೈನಾಕ್ಕೆ ಹೋಗಿ ಬಹುಕಾಲ ಇವೆರಡನ್ನು ಬೇರ್ಪಡಿಸಿ ಅಳೆಯುವ ಈ ಗಂಟು ಬಿಡಿಸುತ್ತಲೇ ಇದ್ದರು.

ಎಲೆಕ್ಟ್ರೋಡ್ ಮಾಡುವುದು ಹೀಗೆ: ಸುಮಾರು 7 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 7 ಪಾಲು) ದಪ್ಪದ ಇಂಗಾಲದ ಎಳೆಯನ್ನು ಗಾಜಿನ ನಳಿಗೆಯೊಳಗೆ ಗಾಳಿ ಎಳೆದು ಹೊಗಿಸುತ್ತಾರೆ. ಗಾಜು ಕಾಯಿಸಿ ಎಳೆದರೆ ತುದಿ ಎಳೆಗೆ ಅಂಟುತ್ತದೆ. ಹೊರಗೆ ಚಾಚಿದ್ದನ್ನು ಸೂಕ್ಷ್ಮದರ್ಶಕದಡಿ ಸುಮಾರು 100 ಮೈಕ್ರಾನಿಗೆ ಕತ್ತರಿಸುತ್ತಾರೆ. ಅಂಟಿದ ಜಾಗ ಸೋರಿದರೆ ಅಳತೆಯಲ್ಲಿ ಗದ್ದಲವೇ ಗದ್ದಲ, ಎಸೆಯುವುದೇ ಸರಿ. ಅಳೆಯುವಾಗ ಎಳೆಯ ವೋಲ್ಟೇಜು −0.4ರಿಂದ +1.3 ವೋಲ್ಟಿಗೆ ಏರಿ ಇಳಿಯಲು 8.5 ಮಿಲಿಸೆಕೆಂಡ್, ಸೆಕೆಂಡಿಗೆ 10 ಸಲ. +0.6ರ ಆಸುಪಾಸು ಡೋಪಮಿನ್ ಎಲೆಕ್ಟ್ರಾನ್ ಬಿಡುತ್ತದೆ. ಆಗ ಆದ ಕ್ವಿನೋನನ್ನು ಹಿಂದಕ್ಕೆ ತಿರುಗಿಸಲು ವಿಟಮಿನ್ ಸಿ ಕೈಹಾಕುವಷ್ಟರಲ್ಲಿ ಅಳತೆ ಮುಗಿದಿರುತ್ತದೆ. ಆದರೆ ಎಳೆಯದ್ದೇ ಹಿನ್ನೆಲೆ ವಿದ್ಯುತ್ತು ಡೋಪಮಿನಿನದ್ದಕ್ಕಿಂತ ಎಷ್ಟೋ ದೊಡ್ಡದು, ಅದನ್ನು ಕಳೆಯಬೇಕು. ಅದೂ ಮೆಲ್ಲಗೆ ಜಾರುತ್ತಿರುತ್ತದೆ. ಹಾಗಾಗಿ ಕ್ಷಣಕ್ಷಣದ ಏರಿಳಿತ ಸಿಕ್ಕುತ್ತದೆ, ಒಟ್ಟು ಎಷ್ಟಿದೆ ಎಂಬುದು ಸಿಕ್ಕುವುದಿಲ್ಲ.

ಜಾಗ ಮುಗಿಯುತ್ತಾ ಬಂತು. ದೀಪಾವಳಿ ಕೂಟ ಎರಡನೇ ಶನಿವಾರ ಸಂಜೆ, ತಟ್ಟೆ ನೀವೇ ತನ್ನಿ. ತಾಳಮದ್ದಳೆ ಅಭ್ಯಾಸ ಬುಧವಾರ. ವಂತಿಗೆ ಬಾಕಿ ಇದ್ದವರಿಗೆ ತಾವು ಯಾರೆಂದು ಗೊತ್ತು. ಕೂಟದ ಅಡುಗೆಗೆ ಬಾಳೆಕಾಯಿ ಹೆಚ್ಚಲು ನಾಲ್ಕು ಜನ ಬೇಕು, ಎಣ್ಣೆ ನಾವು ಕೊಡುತ್ತೇವೆ. ಕರಡು ತಿದ್ದಲು ಒಬ್ಬರಾದರೂ ಸಿಕ್ಕಿದರೆ ಮುಂದಿನ ಸಂಚಿಕೆ ಇದೆ.