ಹೇಳಿದ್ದು 10 ಕಿಲೋ ಓಂ, ಕಳಿಸಿದ್ದು 100: ಪ್ಯಾಸಿವ್ ಪ್ರೀಆಂಪ್ ಬಗ್ಗೆ ದೂರು

ಧಾರವಾಡ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಿವರಪಟ್ಟಿಗೆ ಹೊಂದದ ಪ್ಯಾಸಿವ್ ಪ್ರೀಆಂಪ್ಲಿಫೈಯರ್ ಬದಲಿಸಿಕೊಡುವ ಅಥವಾ ಹಣ ಹಿಂದಿರುಗಿಸುವ ಕುರಿತು.

ಮಾನ್ಯರೇ,

ತಮ್ಮಿಂದ ತರಿಸಿಕೊಂಡ ಪ್ಯಾಸಿವ್ ಪ್ರೀಆಂಪ್ ತಮ್ಮದೇ ವಿವರಪಟ್ಟಿಗೆ ಹೊಂದುತ್ತಿಲ್ಲ. ಫೋನಿನಲ್ಲಿ ಹೇಳಿ ನೋಡಿದೆ. ಸಿಕ್ಕ ಉತ್ತರಗಳು ಎಷ್ಟು ವಿಚಿತ್ರವಾಗಿದ್ದವೆಂದರೆ, ಇನ್ನು ಏನಿದ್ದರೂ ಬರವಣಿಗೆಯಲ್ಲಿಯೇ ಇರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ವಿವರಪಟ್ಟಿಯಲ್ಲಿಯೂ ಬಿಲ್ಲಿನಲ್ಲಿಯೂ ಇರುವುದು ಹೀಗೆ: 10 ಕಿಲೋ ಓಂ, 24 ಹಂತಗಳ ಸ್ಟೆಪ್ಡ್ ಅಟೆನ್ಯುಯೇಟರ್, ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರುಗಳು. ಅಂದರೆ ದನಿಯನ್ನು 24 ಮೆಟ್ಟಿಲುಗಳಲ್ಲಿ ತಗ್ಗಿಸುವ, ಬಿಡಿ ರೆಸಿಸ್ಟರುಗಳಿಂದ ಕಟ್ಟಿದ ಭಾಗ; ಅದರ ಒಟ್ಟು ವಿದ್ಯುತ್ ರೋಧ 10 ಕಿಲೋ ಓಂ. ನಾನು ಹಣ ಕೊಟ್ಟಿದ್ದು ಈ ಸಾಲಿಗೆ. ಪ್ಯಾಸಿವ್ ಪ್ರೀಆಂಪ್ ಎಂದರೆ ಬೇರೇನಿದೆ? ಮೂಲ ಆರಿಸಲು ಒಂದು ಸ್ವಿಚ್, ದನಿ ತಗ್ಗಿಸಲು ಒಂದು ನಾಬ್, ಹಿಂದೆ ಒಂದಿಷ್ಟು ಸಾಕೆಟ್, ಸುತ್ತ ಅಲ್ಯೂಮಿನಿಯಂ ಪೆಟ್ಟಿಗೆ. ಕರೆಂಟಿಲ್ಲ, ಟ್ರಾನ್ಸಿಸ್ಟರ್ ಇಲ್ಲ. ಇರುವ ಒಂದೇ ಒಂದು ಮುಖ್ಯ ಬಿಡಿಭಾಗದಲ್ಲಿಯೇ ವ್ಯತ್ಯಾಸ ಮಾಡಿದರೆ ಕೊಳ್ಳುವವನಿಗೆ ಉಳಿಯುವುದು ಪೆಟ್ಟಿಗೆ ಮಾತ್ರ.

ಮನೆಯಲ್ಲಿ ಪವರ್ ಆಂಪ್ (ಸ್ಪೀಕರುಗಳನ್ನು ನುಡಿಸುವ ಆಂಪ್ಲಿಫೈಯರ್) ಸ್ಪೀಕರುಗಳ ಪಕ್ಕದಲ್ಲಿದೆ. ಪ್ರೀಆಂಪಿನಿಂದ ಅಲ್ಲಿಗೆ 6 ಮೀಟರ್ ಕೇಬಲ್. ಇದನ್ನು ಕೊಳ್ಳುವ ಮುನ್ನವೇ ತಮ್ಮ ಮಾರಾಟ ಪ್ರತಿನಿಧಿಗೆ ತಿಳಿಸಿದ್ದೆ. 10 ಕಿಲೋ ಓಂ ಆದ್ದರಿಂದ ತೊಂದರೆಯಿಲ್ಲ ಎಂದು ಅವರು ಇಮೇಲಿನಲ್ಲಿ ಉತ್ತರಿಸಿದ್ದರು. ಆ ಮಾತು ಸರಿಯಾಗಿಯೇ ಇತ್ತು, ಬಂದ ಸಾಮಾನು ಅದಲ್ಲ ಅಷ್ಟೆ.

ಕಡಿಮೆ ಮಟ್ಟದಲ್ಲಿ ಮುದ್ರಿತವಾದ ಹಳೆಯ ಸಂಗೀತ ಕಚೇರಿಗಳ ಸಿಡಿ ಹಾಕಿದಾಗ ನಾಬನ್ನು ಮೇಲಕ್ಕೆ ತಿರುಗಿಸಬೇಕಾಗುತ್ತದೆ. ತಿರುಗಿಸಿದಂತೆಲ್ಲ ತಂಬೂರಿಯ ಜವಾರಿಯ ಝೇಂಕಾರ ಮಂಕಾಗುತ್ತದೆ, ತಬಲಾದ ಕಿನಾರಿನ ಪೆಟ್ಟು ಮೊಂಡಾಗುತ್ತದೆ. ವಿಚಿತ್ರವೆಂದರೆ ನಾಬನ್ನು ಪೂರ್ತಿ ಕೊನೆಗೆ ಒಯ್ದರೆ ಕಳೆದುಹೋದ ಹೊಳಪೆಲ್ಲ ಮರಳುತ್ತದೆ. ಸ್ಪೀಕರ್ ಅಥವಾ ಸಿಡಿ ಪ್ಲೇಯರ್ ಕೆಟ್ಟಿದ್ದರೆ ಹೀಗಾಗುವುದಿಲ್ಲ. ಇದು ನಾಬಿನ ಹಿಂದಿನ ಪೊಟೆನ್ಷಿಯೋಮೀಟರಿನ (ತಿರುಗಿಸಿ ಬದಲಿಸುವ ರೆಸಿಸ್ಟರ್) ರೋಧ ವಿಪರೀತ ಹೆಚ್ಚಿರುವುದರ ಲಕ್ಷಣ. ದನಿ 6 ಡೆಸಿಬೆಲ್ ತಗ್ಗಿರುವ ಜಾಗದಲ್ಲಿ ಅದರ ಔಟ್‌ಪುಟ್ ಇಂಪಿಡೆನ್ಸ್ (ಮುಂದಿನ ಕೇಬಲ್ಲಿಗೆ ಕಾಣುವ ರೋಧ) ಗರಿಷ್ಠ, ಒಟ್ಟು ರೋಧದ ಕಾಲು ಭಾಗ. ಪೂರ್ತಿ ತೆರೆದಾಗ ಇಲ್ಲವೇ ಇಲ್ಲ ಎನ್ನುವಷ್ಟು.

ಹಾಗಾಗಿ ಮಲ್ಟಿಮೀಟರ್ ತೆಗೆದುಕೊಂಡೆ. ಮುಚ್ಚಳ ಬಿಚ್ಚಿಲ್ಲ, ತಮ್ಮ ಸೀಲು ಹಾಗೆಯೇ ಇದೆ; ಆ ನೆಪ ಬೇಡ. ಎರಡೂ ಕಡೆಯ ಕೇಬಲ್ ಕಳಚಿ, ಮೀಟರಿನ ಒಂದು ಮೊನೆಯನ್ನು ಇನ್‌ಪುಟ್ ಸಾಕೆಟ್ಟಿನ ನಡುವಿನ ತೂತಿಗೂ ಇನ್ನೊಂದನ್ನು ಹೊರ ಬಳೆಗೂ ಹಿಡಿದರೆ ಸಾಕು. ಎಡ ಚಾನೆಲಿನಲ್ಲಿ 98 ಕಿಲೋ ಓಂ, ಬಲದಲ್ಲಿ 103. ಅದೇ ರೀತಿ ಔಟ್‌ಪುಟ್ ಸಾಕೆಟ್ಟಿಗೆ ಹಿಡಿದು ನಾಬನ್ನು ನಿಧಾನವಾಗಿ ತಿರುಗಿಸಿದೆ. ಸ್ಟೆಪ್ಡ್ ಅಟೆನ್ಯುಯೇಟರ್ ಆಗಿದ್ದರೆ ಅಂಕೆ ಹಂತದಿಂದ ಹಂತಕ್ಕೆ ಜಿಗಿಯಬೇಕು. ಇಲ್ಲಿ ಒಂದು ಕಟಕ್ಕಿಗೂ ಮುಂದಿನ ಕಟಕ್ಕಿಗೂ ನಡುವೆ ಅದು ಎಡೆಬಿಡದೆ ಏರುತ್ತಲೇ ಹೋಗುತ್ತದೆ. ಅಂದರೆ ಒಳಗಿರುವುದು ಸಾಧಾರಣ ಪೊಟೆನ್ಷಿಯೋಮೀಟರ್, ಕಟಕ್ ಎನ್ನುವುದು ಕೈಗೆ ಮಾತ್ರ. ತಗ್ಗು ದನಿಯಲ್ಲಿ ಒಂದೇ ಜಾಗದಲ್ಲಿ ಎಡಕ್ಕೆ 410 ಓಂ, ಬಲಕ್ಕೆ 650 ಬಂತು. ಸುಮಾರು ಮೂರೂವರೆ ಡೆಸಿಬೆಲ್ ಅಂತರ! ರಾತ್ರಿ ಮೆಲ್ಲಗೆ ಹಾಕಿದಾಗ ಗಾಯಕರು ಬಲಗೋಡೆಗೆ ಸರಿದು ಕೂರುವುದು ಏಕೆಂದು ಆಗ ತಿಳಿಯಿತು.

ಕೇಬಲ್ಲಿಗೆ ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಇರುತ್ತದೆ; ಹೆಚ್ಚಿನ ಇಂಪಿಡೆನ್ಸಿನೊಡನೆ ಸೇರಿದಾಗ ಮೇಲಿನ ಸ್ವರಗಳನ್ನು ನುಂಗುವುದು ಅದೇ. ನನ್ನ ಕೇಬಲ್ಲಿನಲ್ಲಿ ಅದು ಪ್ರತಿ ಮೀಟರ್ ಉದ್ದಕ್ಕೆ 150 ಪಿಕೋಫ್ಯಾರಡ್, 6 ಮೀಟರಿಗೆ ಒಟ್ಟು 900. ಪವರ್ ಆಂಪಿನ ಇನ್‌ಪುಟ್ 47 ಕಿಲೋ ಓಂ. 100 ಕಿಲೋ ಓಂ ಪೊಟೆನ್ಷಿಯೋಮೀಟರಿನ ಕಾಲು ಭಾಗವಾದ 25 ಕಿಲೋ ಓಂ ಇವುಗಳೊಡನೆ ಸೇರಿದರೆ 11 ಕಿಲೋಹರ್ಟ್ಸ್ ಹೊತ್ತಿಗೇ 3 ಡೆಸಿಬೆಲ್ ನಷ್ಟ. ತಾವು ಮಾರಿದ್ದಾಗಿ ಹೇಳಿದ 10 ಕಿಲೋ ಓಂ ಇದ್ದಿದ್ದರೆ ಅದೇ ನಷ್ಟ 70 ಕಿಲೋಹರ್ಟ್ಸ್‌ಗೂ ಆಚೆ, ಯಾವ ಮನುಷ್ಯನ ಕಿವಿಗೂ ನಿಲುಕದ ಜಾಗದಲ್ಲಿ. ತಮ್ಮಲ್ಲಿ ಎಂಜಿನಿಯರ್ ಯಾರಾದರೂ ಇದ್ದರೆ ಈ ಲೆಕ್ಕವನ್ನು ಅವರಿಗೆ ತೋರಿಸಿ.

ಸೇವಾ ವಿಭಾಗದವರು ಮೊದಲು ಹೇಳಿದ್ದು: "200 ಗಂಟೆ ಹಾಡಿಸಿ, ತಾನಾಗಿಯೇ ತೆರೆದುಕೊಳ್ಳುತ್ತದೆ." 200 ಗಂಟೆ ಹಾಡಿಸಿದರೆ 100 ಕಿಲೋ ಓಂ 10 ಆಗುತ್ತದೆಯೇ? ಎರಡನೆಯ ಸಲ, ಇನ್ನಷ್ಟು ಹಣ ಸೇರಿಸಿ ತಮ್ಮ ಆಕ್ಟಿವ್ ಪ್ರೀಆಂಪ್ ಕೊಳ್ಳಿರೆಂದರು. ನನ್ನ ಸಿಡಿ ಪ್ಲೇಯರ್ 2 ವೋಲ್ಟ್ ಕೊಡುತ್ತದೆ, ಪವರ್ ಆಂಪ್ ಸುಮಾರು 1 ವೋಲ್ಟಿಗೇ ಪೂರ್ಣ ಶಕ್ತಿಗೆ ಬರುತ್ತದೆ. ವರ್ಧನೆ ನನಗೆ ಬೇಕಿಲ್ಲ, ಅದಕ್ಕೇ ಪ್ಯಾಸಿವ್ ಆರಿಸಿದ್ದು. ದೋಷದ ಸಾಮಾನು ಕೊಟ್ಟು, ಅದರ ಪರಿಹಾರವೆಂದು ಇನ್ನೊಂದನ್ನು ಮಾರಲು ಹೊರಡುವುದು ಯಾವ ವ್ಯಾಪಾರ ಧರ್ಮ?

ಆದ್ದರಿಂದ ವಿವರಪಟ್ಟಿಯಲ್ಲಿರುವ ಅಟೆನ್ಯುಯೇಟರ್ ಇರುವ ಪ್ರೀಆಂಪನ್ನು ತಮ್ಮ ಖರ್ಚಿನಲ್ಲಿ ಕಳಿಸಿ ಇದನ್ನು ಹಿಂದಕ್ಕೆ ಪಡೆಯಬೇಕು. ಆಗದಿದ್ದರೆ ಕೊರಿಯರ್ ವೆಚ್ಚವೂ ಸೇರಿ ಪೂರ್ತಿ ಹಣ ಮರಳಿಸಬೇಕು. ಕ್ರೆಡಿಟ್ ನೋಟು, ಕೂಪನ್ನು ಇತ್ಯಾದಿ ಬೇಡ. ಪತ್ರ ತಲುಪಿದ 15 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಜಿಲ್ಲಾ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ತಮ್ಮ ಕಚೇರಿ ಬೇರೆ ರಾಜ್ಯದಲ್ಲಿದ್ದರೂ ನಾನು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಲು ಆ ಕಾಯ್ದೆ ಅವಕಾಶ ನೀಡಿದೆ, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ.

ಬಿಲ್ಲು, ವಿವರಪಟ್ಟಿ, ಮಾರಾಟ ಪ್ರತಿನಿಧಿಯ ಇಮೇಲ್ ಹಾಗೂ ಮೀಟರಿನ ಅಂಕೆ ಕಾಣುವಂತೆ ತೆಗೆದ ಫೋಟೊಗಳನ್ನು ಲಗತ್ತಿಸಿದ್ದೇನೆ.

ಇಂತಿ,
ತಮ್ಮ ಗ್ರಾಹಕ
(ಸಹಿ)